ಗಾರ್ಡಿನ ಎದೆಗೆ ಇಳಿದ ಹಲ್ಲು

ಯುದ್ಧ ಶುರುವಾಗಿ ಎರಡು ವರ್ಷ ಕಳೆದಿತ್ತು. ಕೋಲಾರದ ಪೇಟೆಯಲ್ಲಿ ಜವಳಿ ಅಂಗಡಿಯೊಂದರ ಮಹಡಿಯ ಮೇಲೆ ನಾನು ಹಲ್ಲಿನ ಚಿಕಿತ್ಸೆ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಚಿಕ್ಕ ರೈಲಿನ ಗಾರ್ಡು ತಮ್ಮ ಹಸಿರು ಬಾವುಟವನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಶ್ರೀನಿವಾಸಪುರದ ಆಚೆ ಹಳಿಗೆ ಎಮ್ಮೆ ಅಡ್ಡ ಬಂದು ಡ್ರೈವರು ಗಕ್ಕನೆ ನಿಲ್ಲಿಸಿದಾಗ ಇವರ ಮುಖ ಬ್ರೇಕಿನ ಚಕ್ರಕ್ಕೆ ಬಡಿದಿತ್ತು. ಮೇಲಿನ ಎಡ ಮುಂಬಲ್ಲು ಒಸಡಿನ ಮಟ್ಟಕ್ಕೆ ಮುರಿದಿತ್ತು. ಬೇರು ಮಾತ್ರ ದವಡೆಯಲ್ಲಿ ಗಟ್ಟಿಯಾಗಿತ್ತು.

"ಬೇರು ಕಿತ್ತು ಹಾಕ್ತೀನಿ, ಗಾರ್ಡ್ ಸಾಹೇಬ್ರೇ. ಗಾಯ ಮಾಗಿದ ಮೇಲೆ ತೆಗೆದು ಹಾಕೋ ಹಲ್ಲು ಮಾಡಿಕೊಡ್ತೀನಿ" ಎಂದೆ.

"ತೆಗೆದು ಹಾಕೋದು ಬ್ಯಾಡ ಡಾಕ್ಟ್ರೇ. ನಾನು ಸೀಟಿ ಕಚ್ಕೊಂಡು ಕೆಲಸ ಮಾಡೋನು. ಒಂದು ಕೈಲಿ ಬಾವುಟ, ಇನ್ನೊಂದು ಕೈಲಿ ಕಂಬಿ. ಸೀಟಿ ಹಲ್ಲಲ್ಲೇ ಇರ್ಬೇಕು. ಹಲ್ಲಿಲ್ಲ ಅಂತ ಗೊತ್ತಾದ್ರೆ ನನ್ನ ಗೂಡ್ಸ್ ಶೆಡ್ಡಿಗೆ ಹಾಕ್ಬಿಡ್ತಾರೆ."

ಮಾತು ಕಿವಿಗೆ ಬಿತ್ತು, ಅದರ ತೂಕ ತಿಳಿಯಲಿಲ್ಲ. ದಿನಕ್ಕೆ ಹತ್ತಾರು ಸಲ ಕಬ್ಬಿಣದ ಸೀಟಿಯೊಂದು ಆ ಹಲ್ಲನ್ನು ಹೊರಕ್ಕೆ ಮೀಟುತ್ತದೆ ಎಂದು ಅವರು ಅವತ್ತೇ ಹೇಳಿಬಿಟ್ಟಿದ್ದರು.

ಬೇರನ್ನು ಉಳಿಸೋಣ ಎಂದು ಒಪ್ಪಿದೆ. ಮುಳ್ಳುಮುಳ್ಳಾದ ಸಣ್ಣ ತಂತಿಯಿಂದ ಒಳಗಿನ ನರವನ್ನು ಸುತ್ತಿ ಎಳೆದೆ. ನಾಳವನ್ನು ತೊಳೆದು, ಔಷಧಿಯ ಹತ್ತಿ ಇಟ್ಟು ಮುಚ್ಚಿದೆ. ನಾಲ್ಕು ದಿನಕ್ಕೊಮ್ಮೆ ಬಿಚ್ಚಿ ಹತ್ತಿಯನ್ನು ಮೂಸಿ ನೋಡುವುದು, ವಾಸನೆಯಿದ್ದರೆ ಮತ್ತೆ ತೊಳೆಯುವುದು. ಮೂರನೆಯ ವಾರ ವಾಸನೆ ಹೋಯಿತು. ಬೇರಿನ ತುದಿಯನ್ನು ರಬ್ಬರಿನಂಥ ಅಂಟಿನಿಂದ ಮುಚ್ಚಿದೆ. ಅಲ್ಲಿಯವರೆಗೆ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಇವತ್ತೂ ಅದನ್ನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಪಿಂಗಾಣಿಯ ಹಲ್ಲನ್ನು ಆ ಬೇರಿಗೆ ನಿಲ್ಲಿಸಬೇಕು. ಅದಕ್ಕೆ ಬೇರಿನೊಳಗೆ ಒಂದು ಲೋಹದ ಕಡ್ಡಿ ಇಳಿಸಿ, ಹೊರಗೆ ಉಳಿದ ತುದಿಗೆ ಹಲ್ಲನ್ನು ಕೂರಿಸುತ್ತೇವೆ. ಯುದ್ಧಕ್ಕೆ ಮುಂಚೆ ಕಲ್ಕತ್ತೆಯಿಂದ ತಂದ ಒಂದು ಡಬ್ಬಿ ಕಡ್ಡಿ ನನ್ನಲ್ಲಿತ್ತು. ಎಲ್ಲವೂ ಮೂಲಂಗಿಯ ಹಾಗೆ ಬುಡದಲ್ಲಿ ದಪ್ಪ, ತುದಿಯಲ್ಲಿ ಚೂಪು; ಮೈಮೇಲೆ ತಿರುಪಿನ ಸುತ್ತುಗಳು. ನಾಳವನ್ನು ಕಾಲಲ್ಲಿ ತುಳಿಯುವ ಡ್ರಿಲ್ಲಿನಿಂದ ಅಗಲ ಮಾಡಿ ಕಡ್ಡಿಯನ್ನು ತಿರುಗಿಸುತ್ತಾ ಇಳಿಸಿದೆ. ಮೂರನೆಯ ಸುತ್ತಿಗೆ ಬೆರಳ ತುದಿಗೆ ಒಂದು ಸಣ್ಣ 'ಟಿಕ್' ತಾಕಿತು.

ಹೀಗೆ ಚೂಪಾದ ತಿರುಪು ಬೇರಿನೊಳಗೆ ಬೆಣೆಯ ಹಾಗೆ ಕೆಲಸ ಮಾಡುತ್ತದೆ. ಒಂದು ಸುತ್ತು ಹೆಚ್ಚಾದರೆ ಬೇರು ಉದ್ದಕ್ಕೂ ಸೀಳುತ್ತದೆ. ಸೀಳಿದ ಬೇರಿಗೆ ಮದ್ದಿಲ್ಲ. ಕಡ್ಡಿಯನ್ನು ಹಿಂದಕ್ಕೆ ಬಿಚ್ಚಿದೆ. ಕನ್ನಡಿ ಹಿಡಿದು ನೋಡಿದೆ, ಗೆರೆ ಕಾಣಲಿಲ್ಲ. ಆದರೆ ಆ ಸದ್ದಿಗೆ ನಾನು ಹೆದರಿದ್ದೆ. ಗಾರ್ಡಿಗೆ ಏನೂ ಹೇಳದೆ ಪಕ್ಕದ ಮೇಜಿಗೆ ಹೋಗಿ ಕಡ್ಡಿಯ ತುದಿಯನ್ನು ಕತ್ತರಿಸಿದೆ. ಸುತ್ತುಗಳನ್ನೂ ಅರದಿಂದ ಉಜ್ಜಿ ನುಣ್ಣಗೆ ಮಾಡಿದೆ. ಬೇರು ಸೀಳುವ ಭಯ ಹೋಯಿತು. ಉಳಿದದ್ದು ಕಾಲಂಗುಲ ಉದ್ದದ ಒಂದು ನುಣುಪಾದ ಮೊಳೆ. ಮೇಲೆ ಕಾಣುವ ಹಲ್ಲು ಎಷ್ಟು ಉದ್ದವೋ ಒಳಗಿನ ಕಡ್ಡಿ ಅಷ್ಟಾದರೂ ಇಳಿಯಬೇಕು ಎಂದು ಕಲಿತವನು ನಾನು. ಸಿಮೆಂಟು ಹಿಡಿದುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ತಿಂಗಳಿಗೆ ಗಾರ್ಡು ಆ ಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಬಂದರು.

"ಕಳಚ್ಕೊಂಡ್ಬಿಡ್ತು ಡಾಕ್ಟ್ರೇ. ಪುಣ್ಯಕ್ಕೆ ಕೈಗೇ ಬಿತ್ತು."

ಅದೊಂದು ಎಚ್ಚರಿಕೆ. ಆಗಲೇ ಹೊಸದಾಗಿ, ಉದ್ದವಾಗಿ ಮಾಡಬೇಕಿತ್ತು. ಮಾಡಲು ಹೋದರೆ ಮೊದಲು ಕತ್ತರಿಸಿದ್ದು ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹಳೆಯ ಸಿಮೆಂಟು ಕೆರೆದು ಹೊಸದು ಹಚ್ಚಿ ಅದೇ ಹಲ್ಲನ್ನು ಮತ್ತೆ ಕೂರಿಸಿ ಕಳಿಸಿದೆ.

ಮುಂದಿನ ಸಲ ಬಂದಾಗ ಅವರ ಜೊತೆ ಹೆಂಡತಿಯೂ ಬಂದಿದ್ದರು. ಆಕೆ ಮುಳಬಾಗಿಲಿನ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಗಾರ್ಡಿನ ಕಣ್ಣು ಗುಳಿ ಬಿದ್ದಿತ್ತು, ಮೈ ಸುಡುತ್ತಿತ್ತು. ಹಲ್ಲಿನ ಜಾಗ ಖಾಲಿ.

"ಹಲ್ಲೆಲ್ಲಿ?" ಎಂದೆ.

"ನುಂಗ್ಬಿಟ್ಟೆ. ಶ್ರೀನಿವಾಸಪುರದಲ್ಲಿ ಗಾಡಿ ಬಿಡೋವಾಗ ಸೀಟಿ ಊದೋಕೆ ಜೋರಾಗಿ ಉಸಿರೆಳ್ಕೊಂಡೆ ನೋಡಿ, ಹಲ್ಲೂ ಒಳಕ್ಕೆ ಹೋಯ್ತು. ಕಣ್ಣಲ್ಲಿ ನೀರು ಬರೋಷ್ಟು ಕೆಮ್ಮಿದೆ. ಆಮೇಲೆ ಸರಿಹೋಯ್ತು. ಮೂರು ದಿನ ಬಾಳೆಹಣ್ಣು ತಿಂದೆ ಡಾಕ್ಟ್ರೇ, ಹೊರಗೆ ಬರ್ಲಿಲ್ಲ."

"ಎಷ್ಟು ದಿನ ಆಯ್ತು?"

"ಹತ್ತು" ಎಂದು ಹೆಂಡತಿ ಉತ್ತರ ಕೊಟ್ಟರು. "ಎರಡು ದಿನದಿಂದ ಜ್ವರ. ಕಫದಲ್ಲಿ ರಕ್ತ ಬರ್ತಾ ಐತೆ. ಕೆಲಸ ಹೋಗ್ತದೆ ಅಂತ ಯಾರಿಗೂ ಹೇಳ್ಬ್ಯಾಡ ಅಂತಾರೆ."

ಅವರ ಅಂಗಿ ಬಿಚ್ಚಿಸಿ ಬೆನ್ನಿಗೆ ನನ್ನ ಕಿವಿ ಇಟ್ಟೆ. ಎಡಗಡೆ ಉಸಿರು ಸರಿಯಾಗಿ ಕೇಳಿಸಿತು. ಬಲಗಡೆ ಮೇಲೆಯೂ ಕೇಳಿಸಿತು. ಬಲಗಡೆ ಕೆಳಗೆ ಏನೂ ಇಲ್ಲ, ಗೋಡೆಗೆ ಕಿವಿ ಕೊಟ್ಟಂತೆ. ಹಲ್ಲು ಹೊಟ್ಟೆಗೆ ಹೋಗಿರಲಿಲ್ಲ, ಶ್ವಾಸನಾಳದೊಳಗೆ ಇಳಿದಿತ್ತು. ನಾನು ಆ ಬೆನ್ನಿನಿಂದ ಕಿವಿ ತೆಗೆಯಲು ತಡ ಮಾಡಿದೆ; ತೆಗೆದರೆ ಅವರ ಮುಖ ನೋಡಬೇಕಿತ್ತು.

ಅವತ್ತೇ ಗಣಿಯ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗಾಳಿಯಿಂದ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರು ಇಳಿದು ಒಲೆ ಕೆದಕುತ್ತಿದ್ದ. ಆ ಹೊಗೆಗೆ ಗಾರ್ಡು ಕೆಮ್ಮಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೆಮ್ಮಿಗೆ ಹಲ್ಲು ಕಿತ್ತುಕೊಂಡು ಮೇಲೆ ಬಂದು ಗಂಟಲಿನ ಕಿರಿದಾದ ಬಾಗಿಲಲ್ಲಿ ಸಿಕ್ಕಿಕೊಂಡರೆ ಎರಡು ನಿಮಿಷವೂ ಉಳಿಯುವುದಿಲ್ಲ. "ಬಲಕ್ಕೆ ವಾಲಿಕೊಳ್ಳಿ, ಇನ್ನೂ ಬಲಕ್ಕೆ" ಎನ್ನುತ್ತಲೇ ಇದ್ದೆ. ಅವರು ಹೆಂಡತಿಯ ಭುಜಕ್ಕೆ ಒರಗಿ ಕಣ್ಣು ಮುಚ್ಚಿದರು.

ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಒಂದು ಸಣ್ಣ ಬಿಳಿ ಗೆರೆ ಇತ್ತು. ಅಲ್ಲಿನ ವೈದ್ಯರು, "ಮೊಳೆ ಥರ ಇದೆ. ಇಲ್ಲಿ ತೆಗೆಯೋಕೆ ಆಗಲ್ಲ. ಮದರಾಸಿನಲ್ಲಿ ಒಬ್ಬ ಸರ್ಜನ್ ಇದ್ದಾರೆ, ನಳಿಗೆ ಇಳಿಸಿ ತೆಗೀತಾರೆ. ತಡ ಮಾಡಬೇಡಿ, ಕೀವಾಗ್ತಿದೆ" ಎಂದು ಕಾಗದ ಬರೆದುಕೊಟ್ಟರು.

ಬೌರಿಂಗ್‌ಪೇಟೆಯಿಂದ ಮದರಾಸಿನ ರೈಲು ಹತ್ತಿದೆವು. ಸಿಪಾಯಿಗಳಿಂದ ತುಂಬಿದ್ದ ಡಬ್ಬಿಯಲ್ಲಿ ಒಬ್ಬಾತ ಗಾರ್ಡಿನ ಸಮವಸ್ತ್ರ ನೋಡಿ ಎದ್ದು ಜಾಗ ಕೊಟ್ಟ. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು ಅವರ ಉಸಿರನ್ನು ಎಣಿಸುತ್ತಾ ಹೋದೆ. ಕೋಲಾರಕ್ಕೆ ಹೋಗಿ ತಂದ ನನ್ನ ಚೀಲದಲ್ಲಿ ಕಡ್ಡಿಗಳ ಡಬ್ಬಿ, ಅದೇ ಅಳತೆಯ ಇನ್ನೊಂದು ಪಿಂಗಾಣಿ ಹಲ್ಲು, ಒಂದು ಅರ ಇದ್ದವು. ಒಳಗೆ ಸಿಕ್ಕಿಕೊಂಡಿರುವ ವಸ್ತುವಿನ ಜೋಡಿಯನ್ನು ಸರ್ಜನ್ ಕೇಳುತ್ತಾರೆ ಎಂದು ಕಾಗದದಲ್ಲಿತ್ತು.

ಮದರಾಸಿನ ಸರ್ಜನ್ ಬೋಳು ತಲೆಯ, ಮೆಲು ಮಾತಿನ ಮನುಷ್ಯ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯಿತು. ಗಾರ್ಡನ್ನು ಒಂದು ಬೆಂಚಿನ ಮೇಲೆ ಮಲಗಿಸಿದ್ದರು, ಪಕ್ಕದಲ್ಲಿ ಹೆಂಡತಿ ನಿಂತಿದ್ದರು. ನಾನು ಡಬ್ಬಿಯಿಂದ ಒಂದು ಹೊಸ ಕಡ್ಡಿ ತೆಗೆದು ಹಲ್ಲಿಗೆ ಸೇರಿಸಿ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎಕ್ಸ್‌ರೇಯಲ್ಲಿ ಹಲ್ಲೇ ಕಾಣುತ್ತಿಲ್ಲ, ಬರೀ ಕಡ್ಡಿ ಕಾಣುತ್ತಿದೆ. ಹಲ್ಲು ಕೆಳಗಾಗಿ, ಕಡ್ಡಿ ಮೇಲಾಗಿ ಕೂತಿರಬೇಕು. ಒಳ್ಳೆಯದೇ ಆಯಿತು. ಕಡ್ಡಿಗೆ ತಿರುಪಿನ ಸುತ್ತುಗಳಿವೆ, ಇಕ್ಕಳ ಚೆನ್ನಾಗಿ ಕಚ್ಚುತ್ತದೆ. ನಾಳೆ ಬೆಳಿಗ್ಗೆ ಕಡ್ಡಿಯನ್ನೇ ಹಿಡಿದು ಎಳೆಯುತ್ತೇನೆ."

ಅವರು ಕಡ್ಡಿಯನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು. ನನಗೆ ಇಪ್ಪತ್ತೇಳು ವರ್ಷ. ನಿಜ ಹೇಳಿದರೆ ನನ್ನ ಪರವಾನಗಿ ಹೋಗಬಹುದು, ಕೋಲಾರದಲ್ಲಿ ಮತ್ತೆ ಯಾರೂ ನನ್ನ ಕುರ್ಚಿಯಲ್ಲಿ ಬಾಯಿ ತೆರೆಯಲಾರರು. ಹೇಳದಿದ್ದರೆ ನಾಳೆ ಇಕ್ಕಳ ನುಣುಪಾದ ಮೊಳೆಯ ಮೇಲೆ ಜಾರುತ್ತದೆ, ಜಾರಿದಾಗಲೆಲ್ಲ ಹಲ್ಲು ಇನ್ನೂ ಒಳಕ್ಕೆ ಹೋಗುತ್ತದೆ.

"ಸರ್, ಒಳಗಿರೋದು ಇದಲ್ಲ" ಎಂದೆ. "ಬೇರು ಸೀಳೀತು ಅಂತ ಹೆದರಿ ಕಡ್ಡಿಯನ್ನು ಅರ್ಧಕ್ಕೆ ಕತ್ತರಿಸಿದೆ. ಸುತ್ತುಗಳನ್ನೆಲ್ಲ ಉಜ್ಜಿ ತೆಗೆದಿದ್ದೇನೆ. ಅದು ನುಣ್ಣಗಿದೆ. ಒಂದು ಸಲ ಕಳಚಿದಾಗಲೂ ಅದನ್ನೇ ಮತ್ತೆ ಅಂಟಿಸಿದೆ."

ಸರ್ಜನ್ ನನ್ನನ್ನು ನೋಡಿದರು. ಬೈಯಲಿಲ್ಲ. ಗಾರ್ಡಿನ ಹೆಂಡತಿ ನನ್ನ ಮುಖ ನೋಡಿ, "ಏನು ಹೇಳಿದ್ರಿ ಅವ್ರಿಗೆ?" ಎಂದರು. ಅದನ್ನೇ ಕನ್ನಡದಲ್ಲಿ ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಗಿತ್ತು. ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ಆವತ್ತು ಬೆಂಕಿಪೊಟ್ಟಣದಲ್ಲಿ ತಂದಾಗ್ಲೇ ಹೇಳಿದ್ರೆ ಆಗ್ತಿತ್ತಲ್ಲ ನಾಯನಾ" ಎಂದರು, ಅಷ್ಟೇ. ಮನೆಯ ಹುಡುಗನಿಗೆ ಹೇಳಿದ ಹಾಗೆ ಹೇಳಿದರು. ಗಾರ್ಡು ಗೋಡೆಯ ಕಡೆಗೆ ಮುಖ ತಿರುಗಿಸಿದರು.

"ಹಾಗಾದರೆ ನಿಜವಾದ ಜೋಡಿಯನ್ನು ಮಾಡಿ" ಎಂದರು ಸರ್ಜನ್. "ಕೂದಲೆಳೆಯಷ್ಟೂ ವ್ಯತ್ಯಾಸ ಬೇಡ."

ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಕೂತು ಅರದಿಂದ ಉಜ್ಜಿದೆ. ಅವತ್ತು ಕೋಲಾರದಲ್ಲಿ ಎಷ್ಟು ಕತ್ತರಿಸಿದ್ದೆ, ಎಲ್ಲಿಯವರೆಗೆ ಉಜ್ಜಿದ್ದೆ ಎಂಬುದನ್ನು ಬೆರಳುಗಳು ಮರೆತಿರಲಿಲ್ಲ. ಸಿಮೆಂಟು ಹಿಡಿಯಲೆಂದು ಹಲ್ಲಿನ ಬುಡದಲ್ಲಿ, ಹಿಂಬದಿಗೆ ಒಂದು ಸಣ್ಣ ಕಚ್ಚು ಕೊರೆದಿದ್ದೆ. ಅದೂ ನೆನಪಾಗಿ ಕೊರೆದೆ. ಸರ್ಜನ್ ಅದನ್ನು ಒಂದು ರಬ್ಬರು ಕೊಳವೆಯೊಳಗೆ ತಲೆಕೆಳಗಾಗಿ ಸಿಕ್ಕಿಸಿ ಉದ್ದ ಇಕ್ಕಳದಿಂದ ಹಿಡಿದು ಎಳೆದರು. ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಮೂರನೆಯ ಸಲ ಹಲ್ಲು ಕೊಳವೆಯೊಳಗೆ ಇನ್ನೂ ಅರ್ಧ ಅಂಗುಲ ಕೆಳಗೆ ಹೋಯಿತು. ಅವರು ಇಕ್ಕಳವನ್ನು ಕೆಳಗಿಟ್ಟರು.

"ನೀವು ಹೇಳದಿದ್ದರೆ ನಾಳೆ ಇದು ಅವರ ಎದೆಯೊಳಗೆ ಆಗುತ್ತಿತ್ತು."

ಬೇರೆ ಇಕ್ಕಳ ತರಿಸಿದರು. ತುದಿಯಲ್ಲಿ ಕೊಕ್ಕಿನ ಹಾಗೆ ಬಾಗಿದ್ದು. ಕಡ್ಡಿಯನ್ನು ಬಿಟ್ಟು ಅದರ ಪಕ್ಕದಲ್ಲೇ ಇಳಿದು ಹಲ್ಲಿನ ಬುಡದ ಕಚ್ಚಿಗೆ ಕೊಕ್ಕು ಸಿಕ್ಕಿಸಿದರು. ಬಂತು. ಸಂಜೆಯವರೆಗೂ ಮತ್ತೆ ಮತ್ತೆ ಅದನ್ನೇ ಮಾಡಿದರು. ಹೊರಡುವಾಗ, "ನಾಳೆ ನೀವೂ ಒಳಗಿರಬೇಕು. ಅದರ ಯಾವ ಮಗ್ಗುಲು ಎಲ್ಲಿದೆ ಎಂದು ಬಲ್ಲವರು ನೀವೊಬ್ಬರೇ" ಎಂದರು.

ಬೆಳಿಗ್ಗೆ ಗಾರ್ಡಿನ ಗಂಟಲಿಗೆ ಮರಗಟ್ಟುವ ಔಷಧಿ ಹಚ್ಚಿದರು. ಪ್ರಜ್ಞೆ ತಪ್ಪಿಸುವ ಹಾಗಿಲ್ಲ. ಮೇಜಿನ ಅಂಚಿನಿಂದಾಚೆಗೆ ತಲೆ ಹಿಂದಕ್ಕೆ ಬಾಗುವಂತೆ ಮಲಗಿಸಿ, ಒಬ್ಬ ಸಹಾಯಕ ತಲೆಯನ್ನು ಎರಡು ಕೈಯಲ್ಲಿ ಹಿಡಿದ. ತುದಿಯಲ್ಲಿ ಸಣ್ಣ ದೀಪವಿದ್ದ ಲೋಹದ ನಳಿಗೆ ಬಾಯಿಂದ ಒಳಕ್ಕೆ ಇಳಿಯಿತು. ಗಾರ್ಡಿನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಆ ನೋಟದಲ್ಲಿ ಕೋಪವಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಭಯ ಮಾತ್ರ, ನನಗಿದ್ದಂಥದ್ದೇ ಭಯ. ಅವರ ಕೈ ಹಿಡಿದುಕೊಂಡೆ.

"ಕಡ್ಡಿ ಕಂಡಿತು" ಎಂದರು ಸರ್ಜನ್. ಸ್ವಲ್ಪ ಹೊತ್ತಿಗೆ, "ಕೊಕ್ಕು ಸಿಕ್ಕಿತು." ಎಳೆದರು. ಗಾರ್ಡಿನ ಮೈಯೆಲ್ಲ ಬಿಲ್ಲಾಯಿತು. "ಜಾರಿತು" ಎಂದರು.

ನಾನು ಅವರ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಎರಡನೆಯ ಸಲ ಹಿಡಿದಾಗ ಏನೂ ಹೇಳಲಿಲ್ಲ, ನಿಧಾನವಾಗಿ ಮೇಲಕ್ಕೆ ತಂದರು. ಗಂಟಲಿನ ಬಾಗಿಲಿನ ಹತ್ತಿರ ಕೈ ನಿಂತಿತು. "ಕಚ್ಚು ಇರುವುದು ಹಲ್ಲಿನ ಯಾವ ಕಡೆ?" ಎಂದು ಕೇಳಿದರು.

"ಹಿಂಬದಿಗೆ. ಹಲ್ಲಿನ ಅಗಲ ಅದಕ್ಕೆ ಅಡ್ಡಲಾಗಿ ಬರುತ್ತದೆ" ಎಂದೆ.

ಅವರು ಇಕ್ಕಳವನ್ನು ಕಾಲು ಸುತ್ತು ತಿರುಗಿಸಿ ಅಗಲವಾದ ಮಗ್ಗುಲನ್ನು ಗಂಟಲಿನ ಸೀಳಿಗೆ ಉದ್ದಕ್ಕೆ ಹೊಂದಿಸಿದರು. ನಳಿಗೆ, ಇಕ್ಕಳ, ಹಲ್ಲು ಮೂರೂ ಒಟ್ಟಿಗೆ ಹೊರಬಂದವು. ಗಾರ್ಡು ಜೋರಾಗಿ ಉಸಿರೆಳೆದುಕೊಂಡರು. ಅಷ್ಟು ಒಳ್ಳೆಯ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೊರಗೆ ಬಂದು ಅವರ ಹೆಂಡತಿಗೆ, "ಬಂತು" ಎಂದೆ.

ಕೀವು ಆರಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ನಾನು ಪಿಂಗಾಣಿ ಹಲ್ಲನ್ನು ಮುಟ್ಟಲಿಲ್ಲ. ಕೀಳುವುದು, ತುಂಬುವುದು, ಇಷ್ಟೇ ಮಾಡುತ್ತಿದ್ದೆ. ಸರ್ಜನ್ ಯಾರಿಗೂ ದೂರು ಬರೆಯಲಿಲ್ಲ. ಬರೆಯುತ್ತಾರೆಂದು ಅಂಚೆಯವನು ಮೆಟ್ಟಿಲು ಹತ್ತಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆ.

ಒಂದು ದಿನ ಹತ್ತಿ ಬಂದದ್ದು ಗಾರ್ಡು. ಕುರ್ಚಿಯಲ್ಲಿ ಕೂತರು.

"ಹಲ್ಲು ಕಟ್ಟಿಕೊಡಿ ಡಾಕ್ಟ್ರೇ."

"ಬೇರೆ ಯಾರ ಹತ್ರನಾದ್ರೂ ಹೋಗಿ ಗಾರ್ಡ್ ಸಾಹೇಬ್ರೇ. ಬೆಂಗಳೂರಿಗೆ ಕಾಗದ ಕೊಡ್ತೀನಿ."

"ಅವ್ರು ಏನು ಉಜ್ಜಿದ್ರು, ಏನು ಬಿಟ್ರು, ನನಗೆ ಹೆಂಗೆ ಗೊತ್ತಾಗ್ಬೇಕು? ನೀವು ಹೇಳ್ತೀರಿ. ಕಟ್ಟಿ."

ಬೇರನ್ನು ಒಣಗಿಸಿ ಮಸಿ ಹಚ್ಚಿ ಒರೆಸಿ ನೋಡಿದೆ. ಸೀಳಿದ್ದರೆ ಮಸಿ ಗೆರೆಯಾಗಿ ಉಳಿಯುತ್ತದೆ. ಗೆರೆಯಿರಲಿಲ್ಲ. ಅವತ್ತಿನ 'ಟಿಕ್' ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಈ ಸಲ ಡಬ್ಬಿಯ ಕಡ್ಡಿ ಬೇಡವೆಂದು ನಿಶ್ಚಯಿಸಿದೆ. ಕಡ್ಡಿಗೆ ತಕ್ಕಂತೆ ಬೇರನ್ನು ಕೊರೆಯುವ ಬದಲು ಬೇರಿಗೆ ತಕ್ಕ ಕಡ್ಡಿಯನ್ನು ಎರಕ ಹೊಯ್ಯಬೇಕು. ಅದು ಉದ್ದವಾಗಿ ಇಳಿಯಬೇಕು, ಆದಷ್ಟೂ ಬೆಣೆಯ ಹಾಗೆ ಚೂಪಾಗದೆ ಒಂದೇ ದಪ್ಪಕ್ಕೆ ಹತ್ತಿರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬೇರಿನ ತಲೆಯನ್ನು ಸುತ್ತಲೂ ಅಪ್ಪಿಕೊಳ್ಳುವ ಒಂದು ಬಳೆ ಬೇಕು. ಸೀಟಿ ಹಲ್ಲನ್ನು ಮೀಟಿದಾಗ ಆ ಬಲ ಒಳಗಿನ ಕಡ್ಡಿಗೊಂದಕ್ಕೇ ಹೋಗದೆ ಬಳೆಯ ಮೂಲಕ ಇಡೀ ಬೇರಿಗೆ ಹಂಚಿಹೋಗುತ್ತದೆ. ಬಳೆ ಕೂರಲು ಒಸಡನ್ನು ಸ್ವಲ್ಪ ಮೇಲಕ್ಕೆ ತಳ್ಳಿ ಗಟ್ಟಿ ಹಲ್ಲಿನ ಅಂಚನ್ನು ಹೊರತೆಗೆದೆ. ನಾಳದೊಳಗೆ ಬಿಸಿ ಮೇಣ ಒತ್ತಿ ಅಚ್ಚು ತೆಗೆದೆ. ಎರಡು ಸಲ ಮೇಣ ಮುರಿಯಿತು, ಮೂರನೆಯ ಸಲ ಇಡಿಯಾಗಿ ಬಂತು.

ಎರಕಕ್ಕೆ ಮುಳಬಾಗಿಲಿನ ಒಬ್ಬ ಅಕ್ಕಸಾಲಿಯ ಬಳಿ ಹೋದೆ. ನನ್ನ ಬೆರಳಿನ ಉಂಗುರ ಬಿಚ್ಚಿಕೊಟ್ಟೆ. ಆತ ಅದನ್ನು ಉಗುರಿನಿಂದ ಒತ್ತಿ ನೋಡಿ ನಕ್ಕ.

"ಸ್ವಾಮಿ, ಇದು ಒಡವೆ ಬಂಗಾರ. ಹಲ್ಲಿಗೆ ಇಟ್ರೆ ಬಾಗ್ತದೆ. ತಾಮ್ರ ಬೆಳ್ಳಿ ಸೇರಿಸ್ಬೇಕು."

ಮೇಣದ ಅಚ್ಚನ್ನು ಸುಣ್ಣದ ಹದದ ಗಾರೆಯಲ್ಲಿ ಹುದುಗಿಸಿ, ಸುಟ್ಟು ಮೇಣವನ್ನು ಕರಗಿಸಿದೆವು. ಆತ ಊದುಕೊಳವೆಯಿಂದ ಬಂಗಾರ ಕರಗಿಸಿದ. ಕರಗಿದ್ದು ಆ ಸಣ್ಣ ತೂತಿನೊಳಗೆ ತಾನಾಗಿ ಇಳಿಯುವುದಿಲ್ಲ. ಅರ್ಧಕ್ಕೆ ಕೊಯ್ದ ಹಸಿ ಆಲೂಗಡ್ಡೆಯನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿದೆ. ಆಲೂಗಡ್ಡೆಯ ನೀರು ಆವಿಯಾಗಿ ಬಂಗಾರವನ್ನು ಒಳಕ್ಕೆ ದೂಡಿತು. ಮೊದಲನೆಯದರ ತುದಿಯಲ್ಲಿ ಗುಳ್ಳೆ ಇತ್ತು. ಅಕ್ಕಸಾಲಿ "ಸಾಕು ಬಿಡಿ ಸ್ವಾಮಿ, ಒಳಗಿರೋದು ಯಾರಿಗೆ ಕಾಣ್ತದೆ" ಎಂದ. ನಾನು ಅದನ್ನು ಮತ್ತೆ ಕರಗಿಸಿದೆ. ಮತ್ತೆ ಮೇಣ, ಮತ್ತೆ ಗಾರೆ. ಎರಡನೆಯದು ಬೇರಿಗೆ ಕೈಗವಸಿನಂತೆ ಕೂತಿತು.

ಸಿಮೆಂಟು ಹಾಕುವ ದಿನ ಗಾರ್ಡಿನ ಗಂಟಲಿಗೆ ಅಡ್ಡಲಾಗಿ ಬಟ್ಟೆ ತುರುಕಿದೆ. ಹಲ್ಲಿಗೆ ರೇಷ್ಮೆ ದಾರ ಕಟ್ಟಿದೆ. ಸಿಮೆಂಟು ಕಲಸುವಾಗ ಕೈ ತಪ್ಪಿ ಅರ್ಧ ಗಾಜಿನ ಮೇಲೆ, ಅರ್ಧ ನನ್ನ ತೋಳಿನ ಮೇಲೆ ಬಿತ್ತು. ಮತ್ತೆ ಕಲಸಿದೆ. ಕೂರಿಸಿ, ಬೆರಳಿನಿಂದ ಒತ್ತಿಹಿಡಿದು, ಅದು ಗಟ್ಟಿಯಾಗುವವರೆಗೆ ಉಸಿರು ಬಿಗಿಹಿಡಿದು ನಿಂತೆ. ಬಟ್ಟೆ ತೆಗೆದೆ. ದಾರ ಬಿಚ್ಚಲಿಲ್ಲ.

"ಕಚ್ಚಿ" ಎಂದೆ. ಕಚ್ಚಿದರು.

"ಸ್ವಲ್ಪ ನೋವಾಗಬಹುದು, ಎಳೆದು ನೋಡ್ತೀನಿ."

"ಎಳೀರಿ. ಈಗ ಹೆದರ್ಕೊಳೋ ಸರದಿ ನಂದು, ನಿಮ್ದಲ್ಲ."

ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಹಲ್ಲನ್ನು ಹಿಡಿದೆ. ಮೊದಲು ಮೆಲ್ಲಗೆ ಎಳೆದೆ, ಆಮೇಲೆ ಜೋರಾಗಿ. ಕೊನೆಗೆ ಒಂದು ಕಾಲನ್ನು ಕುರ್ಚಿಯ ಬುಡಕ್ಕೆ ಒತ್ತಿಕೊಂಡು ಎಳೆದೆ. ಹಲ್ಲು ಬರಲಿಲ್ಲ. ಗಾರ್ಡಿನ ತಲೆ ಬಂತು, ತಲೆಯ ಹಿಂದೆ ಮೈ ಬಂತು. ಅವರು ಅರ್ಧ ಕುರ್ಚಿಯಿಂದ ಎದ್ದು ಇಕ್ಕಳದ ಜೊತೆಗೇ ನನ್ನ ಕಡೆಗೆ ವಾಲಿಕೊಂಡು, ಬಾಯಿ ಮುಚ್ಚಲಾಗದೆ, ಮೂಗಿನಲ್ಲೇ ನಗತೊಡಗಿದರು.